ಹದಿನೈದು ಋತುಗಳು: ಕ್ರೈಸ್ಟ್‌ಚರ್ಚ್‌ನ ನಮ್ಮ ಫ್ಯಾಂಟಸಿ ಲೀಗಿನ ಪೂರ್ವೋತ್ತರ

ಸ್ವಂತ ಕಟ್ಟಡವಾಗಲಿ, ಮೊಹರಾಗಲಿ, ಅಚ್ಚಾದ ನಿಬಂಧನೆಗಳಾಗಲಿ ಇಲ್ಲದ ಒಂದು ಸ್ನೇಹಕೂಟದ ಚರಿತ್ರೆಯನ್ನು ಬರೆಯಲು ಹೊರಟವನಿಗೆ ಮೊದಲು ಎದುರಾಗುವ ಕಷ್ಟವು ಆಧಾರಗಳ ಅಭಾವ. ನಮ್ಮ ಲೀಗು ಯಾವ ಆಟವನ್ನು ಆಶ್ರಯಿಸಿಕೊಂಡು ಬಂದಿದೆಯೋ ಆ ಇಂಗ್ಲಿಷ್ ಪ್ರೀಮಿಯರ್ ಲೀಗಿನ ಫ್ಯಾಂಟಸಿ ಆಟವು ವರ್ಷಕ್ಕೊಮ್ಮೆ, ಇಂಗ್ಲೆಂಡಿನಲ್ಲಿ ಬೇಸಗೆಯೂ ನಮ್ಮಲ್ಲಿ ಕೊರೆಯುವ ಚಳಿಯೂ ಇರುವ ಜುಲೈ ತಿಂಗಳ ಸುಮಾರಿಗೆ, ಹಳೆಯ ಪಟ್ಟಿಗಳನ್ನೆಲ್ಲ ತೆಗೆದುಹಾಕಿ ಹೊಸ ಋತುವಿಗೆ ಸಜ್ಜಾಗುತ್ತದೆ. ಹಾಗೆ ಸಜ್ಜಾಗುವಾಗ ಆಡಿದವನೊಬ್ಬೊಬ್ಬನ ಹೆಸರಿನ ಮುಂದೆ ಅವನು ಆ ವರ್ಷ ಗಳಿಸಿದ ಒಟ್ಟು ಪಾಯಿಂಟುಗಳನ್ನೂ ಸಮಸ್ತ ಜಗತ್ತಿನ ಪಟ್ಟಿಯಲ್ಲಿ ಅವನಿಗೆ ದೊರೆತ ಸ್ಥಾನವನ್ನೂ ಉಳಿಸಿಕೊಡುವುದೇ ಹೊರತು, ಗೆಳೆಯರ ಖಾಸಗಿ ಲೀಗಿನಲ್ಲಿ ಯಾರು ಯಾರನ್ನು ಎಷ್ಟು ಅಂತರದಿಂದ ಹಿಂದಿಕ್ಕಿದರೆಂಬ ಲೆಕ್ಕವನ್ನು ಉಳಿಸುವುದಿಲ್ಲ. ಆದಕಾರಣ ಈ ಲೇಖನಕ್ಕೆ ಆಧಾರವಾಗಿರುವುದು ಕೈಬರಹದ ಒಂದು ಪುಸ್ತಕ ಮತ್ತು ಸದಸ್ಯರ ನೆನಪು. ಆ ಪುಸ್ತಕವು ಹೇಗೆ ಹುಟ್ಟಿತು, ನಡುವೆ ಏತಕ್ಕೆ ನಿಂತುಹೋಯಿತು, ಪುನಃ ಯಾರಿಂದ ಮುಂದುವರಿಯಿತು ಎಂಬುದೇ ಬಹುಮಟ್ಟಿಗೆ ನಮ್ಮ ಲೀಗಿನ ಏಳುಬೀಳುಗಳ ಕಥೆಯೂ ಹೌದು.

ಈ ಸಂಚಿಕೆಯನ್ನು ಓದುವವರಲ್ಲಿ ಆಡಿದವರು ಮಾತ್ರವಲ್ಲದೆ ಊರಿನಲ್ಲಿರುವ ತಂದೆತಾಯಿಗಳೂ ಬಂಧುಗಳೂ ಇರುವರಾದ್ದರಿಂದ, ಆಟದ ಸ್ವರೂಪವನ್ನು ಸಂಗ್ರಹವಾಗಿ ಹೇಳುವುದು ಉಚಿತ. ಇಲ್ಲಿ ಪ್ರತಿಯೊಬ್ಬನೂ ಒಂದು ತಂಡದ ಒಡೆಯ. ಅವನಿಗೆ ಕಲ್ಪನೆಯ ಹತ್ತು ಕೋಟಿ ಪೌಂಡುಗಳ ಬಂಡವಾಳವುಂಟು. ಅದರೊಳಗೆ ಇಂಗ್ಲೆಂಡಿನ ಇಪ್ಪತ್ತು ಕ್ಲಬ್ಬುಗಳ ನಿಜವಾದ ಆಟಗಾರರಲ್ಲಿ 15 ಮಂದಿಯನ್ನು, ಎಂದರೆ ಇಬ್ಬರು ಗೋಲ್‌ಕೀಪರುಗಳು, ಐವರು ಡಿಫೆಂಡರುಗಳು, ಐವರು ಮಿಡ್‌ಫೀಲ್ಡರುಗಳು ಮತ್ತು ಮೂವರು ಫಾರ್ವರ್ಡುಗಳನ್ನು, ಒಂದೇ ಕ್ಲಬ್ಬಿನಿಂದ ಮೂವರಿಗೆ ಮೀರದಂತೆ ಆರಿಸಿಕೊಳ್ಳಬೇಕು. ಅವರಲ್ಲಿ ವಾರವಾರ ಇವನು ಆಡಲು ಇಳಿಸಿದ ಹನ್ನೊಂದು ಮಂದಿ ಆ ವಾರದ ನಿಜವಾದ ಪಂದ್ಯಗಳಲ್ಲಿ ಮಾಡಿದ ಸಾಧನೆಯೇ ಇವನ ಗಳಿಕೆ: ಫಾರ್ವರ್ಡು ಗೋಲು ಹೊಡೆದರೆ 4 ಪಾಯಿಂಟು, ಮಿಡ್‌ಫೀಲ್ಡರು ಹೊಡೆದರೆ 5, ಡಿಫೆಂಡರು ಹೊಡೆದರೆ 6, ಗೋಲಿಗೆ ಚೆಂಡನ್ನು ಒದಗಿಸಿಕೊಟ್ಟವನಿಗೆ 3, ಎದುರಾಳಿಗೆ ಒಂದು ಗೋಲನ್ನೂ ಬಿಟ್ಟುಕೊಡದ ತಂಡದ ಡಿಫೆಂಡರಿಗೂ ಗೋಲ್‌ಕೀಪರಿಗೂ 4. ಹಳದಿ ಕಾರ್ಡಿಗೆ ಒಂದು, ಕೆಂಪು ಕಾರ್ಡಿಗೆ ಮೂರು, ಬಿಟ್ಟುಕೊಟ್ಟ ಪ್ರತಿ ಎರಡು ಗೋಲಿಗೆ ಒಂದು ಎಂದು ಕಳೆಯುವುದೂ ಉಂಟು. ಕ್ಯಾಪ್ಟನ್ ಎಂದು ಗುರುತಿಸಿದವನ ಗಳಿಕೆ ಇಮ್ಮಡಿಯಾಗುತ್ತದೆ. ವಾರಕ್ಕೊಬ್ಬ ಆಟಗಾರನನ್ನು ಪುಕ್ಕಟೆಯಾಗಿ ಬದಲಾಯಿಸಬಹುದು. ಅದಕ್ಕಿಂತ ಹೆಚ್ಚು ಬದಲಾಯಿಸಲು ಆಸೆಪಟ್ಟವನು ಒಬ್ಬೊಬ್ಬನಿಗೂ ನಾಲ್ಕು ಪಾಯಿಂಟುಗಳ ದಂಡವನ್ನು ತೆರಬೇಕು. ಮುಖ್ಯ ನಿಯಮಗಳು ಇಷ್ಟೇ. ಆದರೆ ಆಗಸ್ಟಿನಿಂದ ಮೇ ಪರ್ಯಂತ ಮೂವತ್ತೆಂಟು ವಾರ ಇದನ್ನು ತಪ್ಪದೆ ನಡೆಸಿಕೊಂಡು ಹೋಗುವುದರಲ್ಲಿ ಅಡಗಿರುವ ವ್ರತನಿಷ್ಠೆಯನ್ನು ನಡೆಸಿದವರೇ ಬಲ್ಲರು.

ಈ ಬಗೆಯ ಆಟದ ಮೂಲವು ಯಾವ ದೊಡ್ಡ ವ್ಯಾಪಾರ ಸಂಸ್ಥೆಯಲ್ಲಿಯೂ ಇಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕದ್ದು. 1962ರಲ್ಲಿ ಅಮೆರಿಕದ ಓಕ್‌ಲೆಂಡ್ ರೈಡರ್ಸ್ ತಂಡದೊಡನೆ ಪ್ರವಾಸದಲ್ಲಿದ್ದ ಬಿಲ್ ವಿಂಕೆನ್‌ಬಾಕ್ ಎಂಬವರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಒಬ್ಬಿಬ್ಬರು ಒಡನಾಡಿಗಳೊಂದಿಗೆ ಕುಳಿತು ಇದರ ಮೊದಲ ನಿಯಮಗಳನ್ನು ಬರೆದರು. ಮರುವರ್ಷ ಅವರ ಎಂಟು ತಂಡಗಳ ಲೀಗು ಆರಂಭವಾಯಿತು. ಅದು ಅಮೆರಿಕದವರ ಫುಟ್‌ಬಾಲ್. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರರು ನ್ಯೂಯಾರ್ಕಿನ ಭೋಜನಾಲಯವೊಂದರ ಮೇಜಿನ ಸುತ್ತ ಗೆಳೆಯರನ್ನು ಕೂಡಿಸಿ ಬೇಸ್‌ಬಾಲಿಗೆ ಇಂಥದೇ ಆಟವನ್ನು ಕಟ್ಟಿದರು. 1991ರಲ್ಲಿ ಆಂಡ್ರೂ ವೈನ್‌ಸ್ಟೈನ್ ಎಂಬವರು ಅದನ್ನು ಇಂಗ್ಲೆಂಡಿನ ಫುಟ್‌ಬಾಲಿಗೆ ಒಗ್ಗಿಸಿದರು. 1994ರ ವೇಳೆಗೆ ಅದು ಅಲ್ಲಿನ ಪತ್ರಿಕೆಗಳಿಗೂ ದೂರದರ್ಶನಕ್ಕೂ ಹಬ್ಬಿತು. 2002ರಲ್ಲಿ ಪ್ರೀಮಿಯರ್ ಲೀಗು ತನ್ನದೇ ಉಚಿತ ಆಟವನ್ನು ತೆರೆಯಿತು. ಇಂದು ಅದನ್ನು ಆಡುವವರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಕೋಟಿ ಜನ ಸೇರಿದರೂ ಅದರ ಜೀವವಿರುವುದು ಹತ್ತು ಹದಿನೈದು ಮಂದಿ ಪರಿಚಿತರ ಸಣ್ಣ ಸಣ್ಣ ಲೀಗುಗಳಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಲೋಕದ ಪಟ್ಟಿಯಲ್ಲಿ ಇಪ್ಪತ್ತು ಲಕ್ಷದ ಸ್ಥಾನಕ್ಕೂ ಇಪ್ಪತ್ತೆರಡು ಲಕ್ಷದ ಸ್ಥಾನಕ್ಕೂ ಇರುವ ವ್ಯತ್ಯಾಸವು ಮನಸ್ಸಿಗೆ ತಾಗದು. ಆದರೆ ಪಕ್ಕದ ಬೀದಿಯ ಗೆಳೆಯನಿಗಿಂತ ಎರಡು ಪಾಯಿಂಟು ಹಿಂದಾದುದು ಸೋಮವಾರ ಪೂರ್ತಿ ತಾಗುತ್ತಿರುತ್ತದೆ.

ನಮ್ಮ ಲೀಗಿಗೆ ನಿಮಿತ್ತವಾದುದು 2010ರ ವಿಶ್ವಕಪ್ಪು. ದಕ್ಷಿಣ ಆಫ್ರಿಕದಲ್ಲಿ ನಡೆದ ಆ ಸ್ಪರ್ಧೆಯಲ್ಲಿ ನ್ಯೂಜಿಲೆಂಡ್ ತಂಡವು ಸ್ಲೊವಾಕಿಯ, ಇಟಲಿ, ಪರಾಗ್ವೆಗಳೊಡನೆ ಮೂರು ಪಂದ್ಯಗಳನ್ನೂ ಸಮನಾಗಿ ಮುಗಿಸಿ, ಮುಂದಿನ ಸುತ್ತಿಗೆ ಹೋಗದಿದ್ದರೂ, ಇಡೀ ಸ್ಪರ್ಧೆಯಲ್ಲಿ ಒಂದು ಪಂದ್ಯವನ್ನೂ ಸೋಲದ ಏಕೈಕ ತಂಡವೆಂಬ ಕೀರ್ತಿಯೊಡನೆ ಮರಳಿತು. ಇಟಲಿಯ ವಿರುದ್ಧದ ಪಂದ್ಯವು ಇಲ್ಲಿನ ಕಾಲಕ್ಕೆ ಜೂನ್ 21ರ ರಾತ್ರಿ ಎರಡು ಗಂಟೆಗೆ ಆರಂಭವಾಯಿತು. ರಗ್ಬಿಯನ್ನು ಕುಲದೇವತೆಯಂತೆ ಆರಾಧಿಸುವ ಈ ಊರಿನಲ್ಲಿ ಆ ರಾತ್ರಿ ಫುಟ್‌ಬಾಲಿಗಾಗಿ ಮನೆಮನೆಯ ದೀಪ ಉರಿದುದಕ್ಕೆ ಮತ್ತೊಂದು ಕಾರಣವೂ ಇತ್ತು: ಆ ತಂಡದ ನಾಯಕ ರಯನ್ ನೆಲ್ಸನ್ ಕ್ರೈಸ್ಟ್‌ಚರ್ಚ್‌ನಲ್ಲಿಯೇ ಹುಟ್ಟಿದವರು, ಮತ್ತು ಆಗ ಪ್ರೀಮಿಯರ್ ಲೀಗಿನ ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಡಿಫೆಂಡರು. ರಿಕರ್ಟನ್ ಬಡಾವಣೆಯ ಒಂದು ಮನೆಯಲ್ಲಿ ಆ ಪಂದ್ಯವನ್ನು ನೋಡಲು ಕೂಡಿದ್ದ ಕನ್ನಡಿಗರು, ಐಲಮ್‌ನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು, ಸಾಫ್ಟ್‌ವೇರ್ ಕೆಲಸದವರು, ಆಸ್ಪತ್ರೆಯ ನರ್ಸೊಬ್ಬರು, ಆ್ಯಶ್‌ಬರ್ಟನ್ನಿನ ಡೈರಿಯಿಂದ ಗಾಡಿ ಹೊಡೆದುಕೊಂಡು ಬಂದವರೊಬ್ಬರು, ಮುಂದಿನ ಆಗಸ್ಟಿನಿಂದ ತಾವೂ ಒಂದು ಲೀಗನ್ನು ನಡೆಸಬೇಕೆಂದು ನಿಶ್ಚಯಿಸಿದರು.

ಆ ಮನೆಯಲ್ಲಿ ಆ ರಾತ್ರಿ ಇನ್ನೊಬ್ಬರೂ ಇದ್ದರು. ಸದಸ್ಯರೊಬ್ಬರ ತಂದೆ, ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯವರು, ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ ಮಗನ ಮನೆಗೆ ಬಂದಿದ್ದವರು. ನಾವೆಲ್ಲರೂ ಅವರನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದೆವು. ಫುಟ್‌ಬಾಲು ಅವರಿಗೆ ದೂರದರ್ಶನದಿಂದ ಬಂದ ಹವ್ಯಾಸವಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೆಂಬುದನ್ನೂ, 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುದನ್ನೂ ಅವರು ತಮ್ಮ ಹಿರಿಯರಿಂದ ಕೇಳಿ ಬೆಳೆದವರು. ಮೈಸೂರು ರಾಜ್ಯದ ತಂಡವು 1967-68ರಲ್ಲಿಯೂ 1968-69ರಲ್ಲಿಯೂ ಸತತವಾಗಿ ಸಂತೋಷ್ ಟ್ರೋಫಿಯನ್ನು ತಂದ ಕಾಲವನ್ನು ಸ್ವತಃ ಕಂಡವರು. ಕ್ರಿಕೆಟ್ಟಿನ ಭರದಲ್ಲಿ ನಾವು ಮರೆತಿದ್ದ ನಮ್ಮ ನಾಡಿನ ಒಂದು ಪರಂಪರೆಯನ್ನು, ಸಮುದ್ರಗಳನ್ನು ದಾಟಿಬಂದ ಮೇಲೆ, ಅವರ ಬಾಯಿಂದ ನಾವು ಕಲಿತೆವು.

ಅಪ್ಪಾಜಿಯವರು ತಂಡವನ್ನು ಕಟ್ಟಲಿಲ್ಲ, ಲೆಕ್ಕವನ್ನು ಬರೆಯುತ್ತೇನೆಂದರು. ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ತರಿಸಿ, ಪ್ರತಿ ವಾರಕ್ಕೆ ಒಂದು ಪುಟದಂತೆ, ಸದಸ್ಯರ ಹೆಸರು, ಆ ವಾರದ ಗಳಿಕೆ, ಕ್ಯಾಪ್ಟನ್ನಿನ ಹೆಸರು, ಒಟ್ಟು ಮೊತ್ತ ಎಂಬ ನಾಲ್ಕು ಅಂಕಣಗಳನ್ನು ಗೆರೆ ಹಾಕಿ, ಕನ್ನಡದ ಅಂಕಿಗಳಲ್ಲಿಯೇ ತುಂಬುತ್ತ ಹೋದರು. ಕಂಪ್ಯೂಟರೇ ಲೆಕ್ಕವಿಡುವಾಗ ಇದೇಕೆಂದು ಕೇಳಿದವರಿಗೆ, ಅದು ಅವರ ಲೆಕ್ಕ, ಇದು ನಮ್ಮದು ಎಂದು ಉತ್ತರ ಕೊಟ್ಟರು. ಲೀಗಿಗೆ ಇಂದಿಗೂ ಇರುವ ಎರಡು ಕಟ್ಟಳೆಗಳು ಅವರವೇ. ಒಂದನೆಯದು, ಇಲ್ಲಿ ಹಣದ ಪಣ ಕೂಡದು. ಎರಡನೆಯದು, ಋತುವಿನ ಕೊನೆಯಲ್ಲಿ ಗೆದ್ದವನು ಎಲ್ಲರಿಗೂ ತನ್ನ ಮನೆಯಲ್ಲಿ ಊಟ ಹಾಕತಕ್ಕದ್ದು. ಆ ಪಂಕ್ತಿಯಲ್ಲಿ ಮೊದಲ ಎಲೆ ಪಟ್ಟಿಯ ಕೊನೆಯಲ್ಲಿ ಉಳಿದವನದು. ಗೆದ್ದವನಿಗೆ ಆಟವನ್ನು ಮುಂದುವರಿಸಲು ಗೆಲುವೇ ಸಾಕು, ಸೋತೂ ಮೂವತ್ತೆಂಟು ವಾರ ಬಿಡದೆ ತಂಡವನ್ನು ಕಟ್ಟಿದವನಿಂದಲೇ ಲೀಗು ನಿಲ್ಲುವುದು ಎಂಬುದು ಅವರ ವಾದ. ಅವರ ಮಾತು ಎಷ್ಟು ನಿಜವೆಂಬುದು ಮುಂದೆ ಗೊತ್ತಾಗಲಿಕ್ಕಿತ್ತು.

ಮೊದಲನೆಯ ಋತುವು 2010ರ ಆಗಸ್ಟ್ 14ರಂದು ಆರಂಭವಾಯಿತು. ಊರಿನವರೆಂಬ ಅಭಿಮಾನದಿಂದ ಬಹುಮಂದಿ ನೆಲ್ಸನ್ ಅವರನ್ನು ತಂಡಕ್ಕೆ ತೆಗೆದುಕೊಂಡಿದ್ದರು. ಬ್ಲ್ಯಾಕ್‌ಬರ್ನ್ ಆ ವರ್ಷ ಹದಿನೈದನೆಯ ಸ್ಥಾನದಲ್ಲಿ ಮುಗಿಸಿದ ತಂಡವಾದ್ದರಿಂದ ಈ ಅಭಿಮಾನಕ್ಕೆ ಪಾಯಿಂಟಿನ ಫಲ ಹೆಚ್ಚು ದೊರೆಯಲಿಲ್ಲ. ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಬ್ಲ್ಯಾಕ್‌ಬರ್ನನ್ನು 7-1ರಿಂದ ಸೋಲಿಸಿ, ಬೆರ್ಬಟೊವ್ ಒಬ್ಬರೇ ಐದು ಗೋಲು ಹೊಡೆದ ವಾರದ ಪುಟದಲ್ಲಿ ಅಪ್ಪಾಜಿಯವರು ಅಂಕಿಗಳ ಕೆಳಗೆ ಬೇರೇನನ್ನೂ ಬರೆಯದೆ, ಬೆರ್ಬಟೊವ್ ಅವರ ಹೆಸರಿಗೆ ಮಾತ್ರ ಎರಡು ಗೆರೆ ಎಳೆದಿದ್ದಾರೆ.

ಆದರೆ ಆ ವೇಳೆಗೆ ಊರು ಒಮ್ಮೆ ನಡುಗಿತ್ತು. ಸೆಪ್ಟೆಂಬರ್ 4ರ ಬೆಳಗಿನ ಜಾವ 4 ಗಂಟೆ 35 ನಿಮಿಷಕ್ಕೆ 7.1 ತೀವ್ರತೆಯ ಭೂಕಂಪವು ಕ್ಯಾಂಟರ್‌ಬರಿ ಬಯಲನ್ನು ಅಲುಗಿಸಿತು. ಜನ ನಿದ್ರೆಯಲ್ಲಿದ್ದ ಹೊತ್ತಾದ್ದರಿಂದಲೂ ಬೀದಿಗಳು ಬರಿದಾಗಿದ್ದುದರಿಂದಲೂ ಪ್ರಾಣಹಾನಿಯ ಮಹಾವಿಪತ್ತು ತಪ್ಪಿತು. ದೇಶದೇಶಗಳ ನಡುವಣ ಪಂದ್ಯಗಳಿಗಾಗಿ ಪ್ರೀಮಿಯರ್ ಲೀಗು ವಿರಾಮದಲ್ಲಿದ್ದ ವಾರವದು; ಆದುದರಿಂದ ಪುಸ್ತಕದಲ್ಲಿ ಅದಕ್ಕೆ ಪುಟವಿಲ್ಲ. 2011ರ ಫೆಬ್ರವರಿ 22ಕ್ಕೆ ಪುಟವಿದೆ. ಆ ದಿನ ಮಂಗಳವಾರ, ಮಧ್ಯಾಹ್ನ 12 ಗಂಟೆ 51 ನಿಮಿಷ. ಊರಿನ ನಡುಭಾಗದಲ್ಲಿ ಜನ ಊಟದ ವಿರಾಮಕ್ಕೆಂದು ಹೊರಬಂದಿದ್ದ ಹೊತ್ತು. ಭೂಕಂಪದ ಕೇಂದ್ರವು ಊರಿಗೆ ಅತಿ ಸಮೀಪವೂ ಭೂಮಿಯ ಮೇಲ್ಪದರದಲ್ಲಿಯೂ ಇದ್ದುದರಿಂದ, ತೀವ್ರತೆಯ ಅಂಕಿ ಮೊದಲಿನದಕ್ಕಿಂತ ಕಡಿಮೆಯಾಗಿದ್ದರೂ ಹಾನಿಯು ಅಳತೆಗೆ ಮೀರಿತು. 185 ಮಂದಿ ಸತ್ತರು. ಪೂರ್ವದ ಬಡಾವಣೆಗಳಲ್ಲಿ ನೆಲವೇ ನೀರಾಗಿ, ಬೂದುಬಣ್ಣದ ಕೆಸರು ಅಂಗಳಗಳನ್ನೂ ರಸ್ತೆಗಳನ್ನೂ ಮುಚ್ಚಿತು. ಕ್ರೀಡೆಯ ತವರಾಗಿದ್ದ ಲ್ಯಾಂಕಾಸ್ಟರ್ ಪಾರ್ಕ್ ಕ್ರೀಡಾಂಗಣವು ದುರಸ್ತಿಗೆ ಮೀರಿ ಹಾಳಾಯಿತು; ಅದೇ ವರ್ಷ ಈ ಊರಿನಲ್ಲಿ ನಡೆಯಬೇಕಾಗಿದ್ದ ರಗ್ಬಿ ವಿಶ್ವಕಪ್ಪಿನ ಪಂದ್ಯಗಳು ಬೇರೆ ಊರುಗಳ ಪಾಲಾದವು; ಊರಿನ ರಗ್ಬಿ ತಂಡವಾದ ಕ್ರುಸೇಡರ್ಸ್ ಆ ಋತುವಿನಲ್ಲಿ ತನ್ನ ಅಂಗಳವೇ ಇಲ್ಲದೆ ಊರೂರು ಸುತ್ತಿ ಆಡಿಯೂ ಫೈನಲ್ ಮುಟ್ಟಿತು.

ಆ ವಾರದ ಪುಟವನ್ನು ಈ ಸಂಚಿಕೆಯಲ್ಲಿ ಇದ್ದದ್ದು ಇದ್ದ ಹಾಗೆಯೇ ಅಚ್ಚು ಮಾಡಿದ್ದೇವೆ. ಅದರಲ್ಲಿ ಪಾಯಿಂಟುಗಳ ಅಂಕಣದಲ್ಲಿ ಅಂಕಿಗಳಿಲ್ಲ. ಪ್ರತಿಯೊಬ್ಬ ಸದಸ್ಯನ ಹೆಸರಿನ ಮುಂದೆ, ದೂರವಾಣಿಯ ಸಂಪರ್ಕವು ಒಮ್ಮೆ ದೊರೆತು ಒಮ್ಮೆ ತಪ್ಪುತ್ತಿದ್ದ ಆ ಎರಡು ಮೂರು ದಿನಗಳಲ್ಲಿ ವರ್ತಮಾನ ಬಂದಂತೆ ಬಂದಂತೆ, “ಕ್ಷೇಮ, ಮನೆ ಬಿರುಕು”, “ಕ್ಷೇಮ, ಆ್ಯಶ್‌ಬರ್ಟನ್ನಿನಲ್ಲಿ”, “ಕ್ಷೇಮ, ನೀರಿಲ್ಲ”, “ಇನ್ನೂ ತಿಳಿದಿಲ್ಲ”, ಅದನ್ನು ಹೊಡೆದುಹಾಕಿ ಮೇಲೆ “ಕ್ಷೇಮ” ಎಂದು ಬರೆದಿದೆ. ಲೀಗಿನ ಸದಸ್ಯರ ಪಟ್ಟಿಯೊಂದು ಸಿದ್ಧವಾಗಿ ಕೈಯಲ್ಲಿದ್ದುದರಿಂದ ಒಬ್ಬರ ಹೆಸರೂ ಬಿಟ್ಟುಹೋಗದೆ ಎಲ್ಲರನ್ನೂ ವಿಚಾರಿಸುವುದು ಸಾಧ್ಯವಾಯಿತು. ನಾವು ಕೂಟವನ್ನು ಕಟ್ಟಿದಾಗ ಇಂಥ ಪ್ರಯೋಜನವನ್ನು ಎಣಿಸಿದ್ದಿಲ್ಲ. ಅಪ್ಪಾಜಿಯವರ ಮಗನ ಮನೆಯೇ ಏವನ್ ನದಿಯ ಬಳಿ ಕೆಸರಿನಲ್ಲಿ ಕುಸಿದಿತ್ತು. ಮುಂದೆ ಸರಕಾರವು ವಾಸಕ್ಕೆ ಅಯೋಗ್ಯವೆಂದು ಸಾರಿ ಕೊಂಡುಕೊಂಡ ಕೆಂಪು ವಲಯದ ಸುಮಾರು ಎಂಟು ಸಾವಿರ ಆಸ್ತಿಗಳಲ್ಲಿ ಅದೂ ಸೇರಿತು. ಮನೆ ಬಿಡುವಾಗ ಪಾಸ್‌ಪೋರ್ಟುಗಳೊಡನೆ ಈ ಪುಸ್ತಕವನ್ನೂ ಅವರು ಚೀಲಕ್ಕೆ ಹಾಕಿಕೊಂಡಿದ್ದರು.

ಇಂಗ್ಲೆಂಡಿನಲ್ಲಿ ಆಟ ನಡೆಯುತ್ತಲೇ ಇತ್ತು. ಭೂಕಂಪದ ಮರುದಿನ ನಮ್ಮ ಬೆಳಗಿನ ಒಂಬತ್ತು ಗಂಟೆಗೆ, ಎಂದರೆ ಅಲ್ಲಿನ ಮಂಗಳವಾರ ರಾತ್ರಿ, ಬ್ಲ್ಯಾಕ್‌ಪೂಲ್ ತಂಡವು ಟಾಟನ್‌ಹ್ಯಾಮನ್ನು 3-1ರಿಂದ ಸೋಲಿಸಿತು. ನಮ್ಮವರಲ್ಲಿ ಹಲವರ ತಂಡದಲ್ಲಿದ್ದ ಚಾರ್ಲಿ ಆ್ಯಡಮ್ ಪೆನಾಲ್ಟಿಯಿಂದ ಗೋಲು ಹೊಡೆದರು. ಆ ಹೊತ್ತಿಗೆ ಅವರನ್ನು ಆರಿಸಿದವರು ಸನಿಕೆ ಹಿಡಿದು ನೆರೆಯವರ ಅಂಗಳದ ಕೆಸರನ್ನು ಎತ್ತುತ್ತಿದ್ದರು. ಅನಂತರದ ವಾರಗಳಲ್ಲಿ ಯಾರೂ ತಂಡವನ್ನು ಬದಲಾಯಿಸಲಿಲ್ಲ. ಹಳೆಯ ತಂಡಗಳೇ ತಮ್ಮಷ್ಟಕ್ಕೆ ಮುಂದುವರಿದು ಪಾಯಿಂಟುಗಳನ್ನು ಕೂಡಿಸಿಕೊಂಡವು. ಏಪ್ರಿಲಿನಲ್ಲಿ, ವಿಶ್ವವಿದ್ಯಾಲಯದ ಪಾಠಗಳು ಡೇರೆಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಒಬ್ಬ ವಿದ್ಯಾರ್ಥಿ ತನ್ನ ಗಾಯಗೊಂಡ ಆಟಗಾರನನ್ನು ತೆಗೆದು ಬೇರೊಬ್ಬನನ್ನು ಹಾಕಿದನು. ಅದನ್ನು ಕಂಡು ಮತ್ತೊಬ್ಬನು ಹಾಕಿದನು. ಋತುವಿನ ಕೊನೆಯ ಊಟವು ಆ ವರ್ಷ ಗೆದ್ದವನ ಮನೆಯ ಒಲೆ ಕೆಟ್ಟಿದ್ದುದರಿಂದ ಹ್ಯಾಗ್ಲಿ ಪಾರ್ಕಿನಲ್ಲಿ, ಓಕ್ ಮರಗಳ ಕೆಳಗೆ, ಮನೆಮನೆಯಿಂದ ತಂದ ಡಬ್ಬಿಗಳಿಂದ ನಡೆಯಿತು.

ಭೂಕಂಪವು ಮುರಿಯದ ಲೀಗನ್ನು ಮುಂದಿನ ಎರಡು ಮೂರು ವರ್ಷಗಳ ಶಾಂತಕಾಲವು ಮುರಿಯುವ ಮಟ್ಟಕ್ಕೆ ತಂದಿತು. ಸದಸ್ಯರಲ್ಲಿ ಕೆಲವರು ಕೆಲಸವನ್ನು ಅರಸಿ ಆಕ್ಲೆಂಡಿಗೂ ಮೆಲ್ಬರ್ನಿಗೂ ಬ್ರಿಸ್ಬೇನಿಗೂ ಹೋದರು. ಅಪ್ಪಾಜಿಯವರು ಬೆಂಗಳೂರಿಗೆ ಮರಳಿದರು. ಹೊರಡುವಾಗ ಪುಸ್ತಕವನ್ನು ಇಲ್ಲಿಯೇ ಬಿಟ್ಟುಹೋದರು. 2013ರ ಆಗಸ್ಟಿನಲ್ಲಿ ಪ್ರೀಮಿಯರ್ ಲೀಗಿನ ಪ್ರಸಾರದ ಹಕ್ಕು ಈ ದೇಶದಲ್ಲಿ ಸ್ಕೈ ವಾಹಿನಿಯಿಂದ ಅಂತರಜಾಲದ ಮೂಲಕ ಬಿತ್ತರಿಸುವ ಸಂಸ್ಥೆಯೊಂದಕ್ಕೆ ಹೋಯಿತು. ಇದು ಸಣ್ಣ ಸಂಗತಿಯೆಂದು ತೋರಬಹುದು; ನಮ್ಮ ಮಟ್ಟಿಗೆ ಅದು ಸಣ್ಣದಾಗಿರಲಿಲ್ಲ. ಅದುವರೆಗೆ ರಿಕರ್ಟನ್ನಿನ ಆ ಒಂದು ಮನೆಯಲ್ಲಿ ಮಾತ್ರ ಸ್ಕೈ ಸಂಪರ್ಕವಿದ್ದುದರಿಂದ ಭಾನುವಾರದ ನಸುಕಿನಲ್ಲಿ ಎಲ್ಲರೂ ಅಲ್ಲಿಗೆ ಬರಲೇಬೇಕಾಗಿತ್ತು. ಈಗ ಪ್ರತಿಯೊಬ್ಬನೂ ತನ್ನ ಹಾಸಿಗೆಯಿಂದ ಏಳದೆಯೇ ಪಂದ್ಯವನ್ನು ನೋಡಬಹುದಾಯಿತು. ಸೌಕರ್ಯವು ಹೆಚ್ಚಿ ಸಮಾಗಮವು ನಿಂತಿತು. ಕೂಡುವುದು ನಿಂತಮೇಲೆ ಪುಸ್ತಕವನ್ನು ಬರೆಯುವವರೂ ಇಲ್ಲವಾದರು. ಅದೇ ಸಮಯಕ್ಕೆ, ಒಟ್ಟು ಪಾಯಿಂಟುಗಳ ಲೀಗು ಬೇಡ, ವಾರಕ್ಕೊಬ್ಬರೊಡನೆ ನೇರವಾಗಿ ಸೆಣಸಿ ಗೆಲುವಿಗೆ ಮೂರು, ಸಮಕ್ಕೆ ಒಂದು ಎಂದು ಎಣಿಸುವ ಲೀಗು ಬೇಕೆಂದು ಕೆಲವರು ಹಟ ಹಿಡಿದು, ಒಂದು ವರ್ಷ ಕೂಟವು ಎರಡಾಯಿತು. ಮಾತು ಬಿಟ್ಟವರೂ ಇದ್ದರು. ಅವೆಲ್ಲವನ್ನು ವಿವರಿಸುವ ಅಗತ್ಯವಿಲ್ಲ. ಎರಡೂ ಬಗೆಯ ಲೀಗುಗಳನ್ನು ಒಟ್ಟಿಗೆ ನಡೆಸಲು ಆಟದಲ್ಲಿಯೇ ಅವಕಾಶವಿದೆಯೆಂಬುದು ಕೋಪ ಇಳಿದ ಮೇಲೆ ಎಲ್ಲರಿಗೂ ಹೊಳೆಯಿತು.

ಆ ದಿನಗಳಲ್ಲಿ ಲೀಗಿನ ತಂಡಗಳಲ್ಲಿ ಅರ್ಧಕ್ಕೆ ಮಿಕ್ಕವು ಅನಾಥವಾಗಿದ್ದವು. ಒಡೆಯನು ಮರೆತ ತಂಡವನ್ನು ನಾವು ಅನಾಥ ತಂಡವೆನ್ನುತ್ತೇವೆ. ಗಾಯಾಳುಗಳೂ ಬೇರೆ ದೇಶದ ಲೀಗಿಗೆ ಹೊರಟುಹೋದವರೂ ಅದರಲ್ಲಿ ಹಾಗೆಯೇ ಉಳಿದು, ವಾರವಾರವೂ ಸೊನ್ನೆಗಳನ್ನು ಕೂಡಿಸಿಕೊಳ್ಳುತ್ತಿರುತ್ತಾರೆ. ಈ ಸ್ಥಿತಿಯಲ್ಲಿ ಒಂದು ವಾರವೂ ತಪ್ಪದೆ ತಂಡವನ್ನು ಕಟ್ಟುತ್ತ ಬಂದವರು, ಮೊದಲ ಋತುವಿನಿಂದಲೂ ಪಟ್ಟಿಯ ತಳದಲ್ಲಿಯೇ ಇದ್ದ ನರ್ಸ್ ಅಕ್ಕನವರು. ಎಲ್ಲರಿಗಿಂತ ಹೆಚ್ಚು ಬಾರಿ ಊಟದ ಮೊದಲ ಎಲೆ ಅವರದಾಗಿತ್ತು. ಇಲ್ಲಿನ ಕಾಲದ ವಿಚಾರವನ್ನು ಸ್ವಲ್ಪ ಹೇಳಬೇಕು. ಆಗಸ್ಟಿನಲ್ಲಿ ಲಂಡನ್ನಿಗಿಂತ ನಾವು ಹನ್ನೊಂದು ಗಂಟೆ ಮುಂದಿರುತ್ತೇವೆ. ಸೆಪ್ಟೆಂಬರಿನ ಕೊನೆಗೆ ನಮ್ಮ ಗಡಿಯಾರಗಳು ಮುಂದೆ ಸರಿದು ಹನ್ನೆರಡಾಗುತ್ತದೆ. ಅಕ್ಟೋಬರಿನ ಕೊನೆಗೆ ಅವರ ಗಡಿಯಾರಗಳು ಹಿಂದೆ ಸರಿದು ಹದಿಮೂರಾಗುತ್ತದೆ. ಶನಿವಾರ ಮಧ್ಯಾಹ್ನದ ಮೊದಲ ಪಂದ್ಯಕ್ಕೆ ಮುನ್ನ ತಂಡವನ್ನು ಖಚಿತಪಡಿಸಬೇಕಾದ ಡೆಡ್‌ಲೈನು ಹೀಗೆ ನಮಗೆ ಬೇಸಗೆಯುದ್ದಕ್ಕೂ ಮಧ್ಯರಾತ್ರಿಯ ಆಸುಪಾಸಿಗೆ ಬೀಳುತ್ತದೆ. ಅಲ್ಲಿ ಮೂರು ಗಂಟೆಗೆ ಆರಂಭವಾಗುವ ಪಂದ್ಯಗಳು ನಮಗೆ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ. ಯಾರಿಗೆ ಗಾಯ, ಯಾರಿಗೆ ವಿಶ್ರಾಂತಿ ಎಂಬ ಸುದ್ದಿಯೆಲ್ಲ ಕೊನೆಯ ಗಳಿಗೆಯಲ್ಲಿ ಬರುವುದಾದ್ದರಿಂದ, ಹತ್ತಕ್ಕೆ ಮಲಗುವ ಗೃಹಸ್ಥನಿಗಿಂತ ರಾತ್ರಿಯ ಪಾಳಿಯಲ್ಲಿ ಎಚ್ಚರವಿರುವವರಿಗೆ ಇಲ್ಲಿ ಅನುಕೂಲ ಹೆಚ್ಚು. ವರ್ಷಗಳ ಅಭ್ಯಾಸದಿಂದ ಅಕ್ಕನವರು ಇದನ್ನು ತಮ್ಮ ಬಲವಾಗಿ ಮಾಡಿಕೊಂಡಿದ್ದರು.

2015-16ರ ಋತು ಬಂತು. ಹಿಂದಿನ ವರ್ಷದ ಕ್ರಿಸ್ಮಸ್ ಹೊತ್ತಿಗೆ ಪಟ್ಟಿಯ ತಳದಲ್ಲಿದ್ದು ಹೇಗೋ ಉಳಿದುಕೊಂಡ ಲೆಸ್ಟರ್ ಸಿಟಿ, ಬಾಜಿಕಾರರು ಒಂದಕ್ಕೆ ಐದು ಸಾವಿರದ ದರ ಕಟ್ಟಿದ್ದ ಲೆಸ್ಟರ್ ಸಿಟಿ, ಪ್ರೀಮಿಯರ್ ಲೀಗನ್ನೇ ಗೆದ್ದಿತು. ಜೇಮಿ ವಾರ್ಡಿ ಸತತವಾಗಿ ಹನ್ನೊಂದು ಪಂದ್ಯಗಳಲ್ಲಿ ಗೋಲು ಹೊಡೆದು ದಾಖಲೆ ಸ್ಥಾಪಿಸಿದರು; ಅಗ್ಗದ ಆಟಗಾರರಲ್ಲಿ ಒಬ್ಬರಾಗಿದ್ದ ರಿಯಾದ್ ಮಹ್ರೆಜ್ ಇಡೀ ಫ್ಯಾಂಟಸಿ ಆಟದಲ್ಲಿಯೇ ಅತ್ಯಧಿಕ ಪಾಯಿಂಟು ಗಳಿಸಿದರು. ಆಗಸ್ಟಿನ ಮೊದಲ ವಾರಗಳಲ್ಲಿಯೇ ಮಹ್ರೆಜ್ ಅವರನ್ನು ತೆಗೆದುಕೊಂಡು, ಬಿಡು ಬಿಡು ಎಂದು ಉಳಿದವರು ಹೇಳಿದಾಗಲೂ ಬಿಡದೆ ಉಳಿಸಿಕೊಂಡವರು ಅಕ್ಕನವರೊಬ್ಬರೇ. ಮೇ ತಿಂಗಳಲ್ಲಿ ಅವರು ಪಟ್ಟಿಯ ತಲೆಯಲ್ಲಿದ್ದರು. ಹ್ಯಾಲ್ಸ್‌ವೆಲ್‌ನ ಅವರ ಮನೆಯಲ್ಲಿ ಆ ವರ್ಷ ನಡೆದ ಊಟಕ್ಕೆ ಮಾತು ಬಿಟ್ಟಿದ್ದವರೂ ಬಂದರು, ಆಕ್ಲೆಂಡಿನಿಂದಲೂ ಬಂದರು. ಊರಿನ ಪುನರ್ನಿರ್ಮಾಣದ ಕೆಲಸಕ್ಕೆಂದು ಹೊಸದಾಗಿ ಬಂದಿದ್ದ ಕನ್ನಡದ ಎಂಜಿನಿಯರುಗಳು ಮೊದಲ ಬಾರಿಗೆ ಕೂಟವನ್ನು ಕಂಡರು. ಪುಸ್ತಕವನ್ನು ಅಂದು ಹೊರತೆಗೆದು ಅಕ್ಕನವರ ಕೈಗೆ ಕೊಡಲಾಯಿತು. ಅಂದಿನಿಂದ ಅದನ್ನು ಬರೆಯುತ್ತ ಬಂದಿರುವವರು ಅವರೇ. ಲೀಗಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆಯಿಲ್ಲವೆಂದು ನಾನು ಎಣಿಸುತ್ತೇನೆ.

2017-18 ಮೊಹಮ್ಮದ್ ಸಲಾ ಅವರ ವರ್ಷ. ಅವರು 32 ಗೋಲು ಹೊಡೆದು 303 ಫ್ಯಾಂಟಸಿ ಪಾಯಿಂಟು ಗಳಿಸಿದರು. ಹೆಚ್ಚುಕಡಿಮೆ ಎಲ್ಲರ ತಂಡದಲ್ಲಿಯೂ ಅವರಿದ್ದುದರಿಂದ ಅವರಿಂದ ಯಾರೂ ಯಾರನ್ನೂ ದಾಟಲಿಲ್ಲ. ದಾಟಿದವರು ಹತ್ತನೆಯ, ಹನ್ನೊಂದನೆಯ ಆಟಗಾರರನ್ನು ಜಾಣ್ಮೆಯಿಂದ ಆರಿಸಿದವರು.

2019ರ ಮಾರ್ಚ್ 15ರ ಶುಕ್ರವಾರ ಹ್ಯಾಗ್ಲಿ ಪಾರ್ಕಿನ ಎದುರಿನ ಅಲ್ ನೂರ್ ಮಸೀದಿಯಲ್ಲಿಯೂ ಲಿನ್‌ವುಡ್‌ನ ಪ್ರಾರ್ಥನಾಮಂದಿರದಲ್ಲಿಯೂ 51 ಮಂದಿಯ ಹತ್ಯೆಯಾಯಿತು. ಸತ್ತವರಲ್ಲಿ ನ್ಯೂಜಿಲೆಂಡಿನ ಫುಟ್‌ಸಾಲ್ ತಂಡದ ಗೋಲ್‌ಕೀಪರ್ ಅತ್ತಾ ಎಲಯ್ಯಾನ್ ಒಬ್ಬರು. ವಾರಕ್ಕೊಮ್ಮೆ ಒಳಾಂಗಣದಲ್ಲಿ ಐದೈದು ಮಂದಿಯ ಫುಟ್‌ಬಾಲ್ ಆಡುತ್ತಿದ್ದ ನಮ್ಮ ಹುಡುಗರಿಗೆ ಅವರ ಹೆಸರು ಗೌರವದ ಹೆಸರಾಗಿತ್ತು. ಇಂಗ್ಲೆಂಡಿನಲ್ಲಿ ಆ ವಾರ ಕಪ್ ಸ್ಪರ್ಧೆಯ ಕಾರಣದಿಂದ ಲೀಗಿನ ಐದು ಪಂದ್ಯಗಳು ಮಾತ್ರ ಇದ್ದವು; ಡೆಡ್‌ಲೈನು ಬಂದು ಹೋದುದನ್ನು ಯಾರೂ ಗಮನಿಸಲಿಲ್ಲ. ಅಕ್ಕನವರು ಆ ವಾರದ ಪುಟದಲ್ಲಿ ದಿನಾಂಕವನ್ನು ಮಾತ್ರ ಬರೆದು ಉಳಿದುದನ್ನು ಬರಿದಾಗಿ ಬಿಟ್ಟಿದ್ದಾರೆ.

ಮರುವರ್ಷದ ಮಾರ್ಚ್ 13ರಂದು ಸಾಂಕ್ರಾಮಿಕದ ಕಾರಣದಿಂದ ಪ್ರೀಮಿಯರ್ ಲೀಗೇ ನಿಂತಿತು. ಅದೇ ತಿಂಗಳ 25ರ ರಾತ್ರಿ ನ್ಯೂಜಿಲೆಂಡ್ ಬಾಗಿಲು ಮುಚ್ಚಿಕೊಂಡಿತು. ಜೂನ್ 17ರಂದು ಇಂಗ್ಲೆಂಡಿನ ಬರಿದಾದ ಕ್ರೀಡಾಂಗಣಗಳಲ್ಲಿ ಪಂದ್ಯಗಳು ಪುನರಾರಂಭವಾದಾಗ, ಅದಕ್ಕೆ ಒಂದು ವಾರದ ಹಿಂದೆಯೇ ನಮ್ಮ ದೇಶದಲ್ಲಿ ಕೂಡುವಿಕೆಯ ನಿರ್ಬಂಧಗಳೆಲ್ಲ ತೆರವಾಗಿದ್ದವು. ಆಡುವವರ ಊರಿನಲ್ಲಿ ಪ್ರೇಕ್ಷಕರು ಒಂದೆಡೆ ಸೇರುವಂತಿರಲಿಲ್ಲ. ಭೂಮಿಯ ಈ ತುದಿಯಲ್ಲಿ ನಾವು ಸೇರಬಹುದಾಗಿತ್ತು. ನಮ್ಮ 18ರ ಬೆಳಗಿನ ಜಾವ ಐದು ಗಂಟೆಗೆ, ಮೈ ಕೊರೆಯುವ ಚಳಿಯಲ್ಲಿ, ವರ್ಷಗಳ ಮೇಲೆ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಣ ಪಂದ್ಯವನ್ನು ನೋಡಿದೆವು. ಶೆಫೀಲ್ಡಿನವರ ಚೆಂಡು ಗೆರೆಯನ್ನು ದಾಟಿದರೂ ಯಂತ್ರವು ಅದನ್ನು ಗುರುತಿಸದೆ, ಪಂದ್ಯವು ಗೋಲಿಲ್ಲದೆ ಮುಗಿದು, ಸಲ್ಲದ ನಾಲ್ಕು ಪಾಯಿಂಟುಗಳು ವಿಲ್ಲಾದ ಡಿಫೆಂಡರುಗಳಿಗೆ ಸಂದವು. ಆ ನಾಲ್ಕು ಪಾಯಿಂಟುಗಳ ನ್ಯಾಯಾನ್ಯಾಯದ ಚರ್ಚೆ ಇಡ್ಲಿ ಮುಗಿದ ಮೇಲೂ ನಡೆಯಿತು. ಪ್ರಸಾರದ ಹಕ್ಕು ಆಮೇಲೂ ಕೈ ಬದಲಾಯಿಸಿ 2022ರಲ್ಲಿ ಸ್ಕೈಗೆ ಮರಳಿತು. ಆದರೆ ಅಂದಿನ ಬೆಳಗಿನಿಂದ, ತಿಂಗಳಿಗೊಂದು ಭಾನುವಾರವಾದರೂ ಒಂದೆಡೆ ಕೂಡಬೇಕೆಂಬ ನಿಯಮವನ್ನು ನಾವು ಹಕ್ಕುಗಳ ಗೊಡವೆಯಿಲ್ಲದೆ ಪಾಲಿಸಿಕೊಂಡು ಬಂದಿದ್ದೇವೆ.

ಇತ್ತೀಚಿನ ಋತುಗಳಲ್ಲಿ ಸದಸ್ಯರ ಮಕ್ಕಳು ಸೇರಿದ್ದಾರೆ. ಹಿಂದೆ ನೆಲ್ಸನ್ ಅವರಿಗೆ ಇದ್ದ ಸ್ಥಾನವು ಈ ಮಕ್ಕಳಲ್ಲಿ ಕ್ರಿಸ್ ವುಡ್ ಅವರಿಗಿದೆ. ಆಕ್ಲೆಂಡಿನಲ್ಲಿ ಹುಟ್ಟಿದ ಈ ಫಾರ್ವರ್ಡು 2023ರ ಕ್ರಿಸ್ಮಸ್ಸಿನ ಮರುದಿನ ತಮ್ಮ ಹಳೆಯ ಕ್ಲಬ್ಬಾದ ನ್ಯೂಕ್ಯಾಸಲ್ಲಿನ ವಿರುದ್ಧ ಅವರ ಅಂಗಳದಲ್ಲಿಯೇ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಪರವಾಗಿ ಮೂರು ಗೋಲು ಹೊಡೆದರು. 2025ರ ಫೆಬ್ರವರಿ 1ರಂದು ಬ್ರೈಟನ್ನಿನ ವಿರುದ್ಧ 7-0ರ ಗೆಲುವಿನಲ್ಲಿ ಮತ್ತೆ ಮೂರು ಹೊಡೆದರು. ಆ ಲೀಗ್ ಋತುವನ್ನು 20 ಗೋಲುಗಳಿಂದ ಮುಗಿಸಿದರು. ಅಭಿಮಾನಕ್ಕೂ ಲೆಕ್ಕಾಚಾರಕ್ಕೂ ಜಗಳವೇ ಇಲ್ಲದ ವರ್ಷ ನಮ್ಮ ಲೀಗಿನಲ್ಲಿ ಅದೊಂದೇ. ಅದೇ ಋತುವಿನಲ್ಲಿ ಸಲಾ 344 ಪಾಯಿಂಟು ಗಳಿಸಿ ತಮ್ಮ ಹಿಂದಿನ ದಾಖಲೆಯನ್ನು ತಾವೇ ಮುರಿದರು. ಹದಿನೈದನೆಯ ಋತುವಿನ ಊಟವನ್ನು ಹಾಕಿದವಳು ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗಿ, ಅಪ್ಪಾಜಿಯವರ ಮೊಮ್ಮಗಳು.

ಪಣದ ವಿಷಯವಾಗಿ ಒಂದು ಮಾತನ್ನು ದಾಖಲಿಸದೆ ಬಿಡಲಾರೆ. ಹೊಸಬರು ಬಂದಾಗಲೆಲ್ಲ, ತಲೆಗೆ ಇಷ್ಟು ಡಾಲರೆಂದು ಕೂಡಿಸಿ ಗೆದ್ದವನಿಗೆ ಕೊಡುವ ಸಲಹೆ ಏಳುತ್ತಿತ್ತು. ಪ್ರತಿ ಸಲವೂ ಪುಸ್ತಕದ ಮೊದಲ ಪುಟವನ್ನು ತೋರಿಸಿ ಅದನ್ನು ಕೈಬಿಡಲಾಯಿತು. ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ಹಣಕಟ್ಟಿ ಆಡುವ ಫ್ಯಾಂಟಸಿ ಆಟಗಳು ಹೇಗೆ ಹಬ್ಬಿದವೆಂಬುದನ್ನೂ, 2025ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಹಣವನ್ನೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಬೇಕಾಯಿತೆಂಬುದನ್ನೂ ಬಲ್ಲವರಿಗೆ, ಅಪ್ಪಾಜಿಯವರ ಕಟ್ಟಳೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಹಣ ನಡುವೆ ಬಂದಿದ್ದರೆ ಪಟ್ಟಿಯ ತಳದಲ್ಲಿದ್ದವರು ಮೂರನೆಯ ವರ್ಷಕ್ಕೆ ಬಿಟ್ಟುಹೋಗುತ್ತಿದ್ದರು. ಅವರು ಬಿಟ್ಟುಹೋಗಿದ್ದರೆ ಈ ಸಂಚಿಕೆ ಇರುತ್ತಿರಲಿಲ್ಲ.

ಈ ಸಂಚಿಕೆಯ ಕೊನೆಯಲ್ಲಿ ಹದಿಮೂರು ಋತುಗಳ ಪೂರ್ಣವಾದ ಪಟ್ಟಿಗಳನ್ನು ಕೊಟ್ಟಿದ್ದೇವೆ. 2013-14 ಮತ್ತು 2014-15ರ ಪುಟಗಳು ಖಾಲಿಯಾಗಿವೆ. ಆ ಎರಡು ವರ್ಷಗಳ ಸದಸ್ಯರು ಈಗ ಯಾವ ಊರಿನಲ್ಲಿಯೇ ಇರಲಿ, ತಮ್ಮ ಹಳೆಯ ದೂರವಾಣಿಯಲ್ಲಿಯೋ ಕಂಪ್ಯೂಟರಿನಲ್ಲಿಯೋ ಆಗಿನ ಪಟ್ಟಿಯ ಚಿತ್ರವಿದ್ದರೆ, ಅದಿಲ್ಲದಿದ್ದರೆ ತಮ್ಮ ಹೆಸರಿನಲ್ಲಿ ಉಳಿದಿರುವ ಆ ವರ್ಷಗಳ ಒಟ್ಟು ಪಾಯಿಂಟುಗಳನ್ನಾದರೂ ಅಕ್ಕನವರಿಗೆ ಬರೆದು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇವೆ. ಅನಾಥ ತಂಡಗಳ ಒಡೆಯರೂ ಸಂಕೋಚಪಡದೆ ಕಳುಹಿಸಬೇಕು. ಅವರ ಹೆಸರಿಗೂ ಪುಟದಲ್ಲಿ ಗೆರೆ ಎಳೆದು ಸ್ಥಳ ಬಿಡಲಾಗಿದೆ.